ರೀಲೋಡಿಂಗ್‌ಗೆ ಮೊದಲ ಪ್ರೆಸ್: ಸಿಂಗಲ್ ಸ್ಟೇಜಾ, ಟರೆಟ್ಟಾ, ಪ್ರೋಗ್ರೆಸಿವ್ವಾ?

ಅಮೆರಿಕದಲ್ಲಿ ಶೂಟಿಂಗ್ ರೇಂಜಿಗೆ ಹೋಗುವ ನಮ್ಮವರು ಕೇಳುವ ಪ್ರಶ್ನೆ ಇದು: ಹಾರಿಸಿದ ತೋಟೆಯ ಖಾಲಿ ಹಿತ್ತಾಳೆ ಕೇಸ್‌ಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳೋಕೆ (ಅದೇ ರೀಲೋಡಿಂಗ್) ಯಾವ ಪ್ರೆಸ್, ಅಂದರೆ ಹಿಡಿ ಎಳೆದು ಒತ್ತುವ ಯಂತ್ರ, ತಗೋಬೇಕು? ಮೂರು ಬಗೆಯದನ್ನೂ ಬಳಸಿ ನೋಡಿದ್ದೇನೆ. ಎರಡು ನನ್ನವು, ಒಂದು ಗೆಳೆಯನದು. (ಊರಲ್ಲಿರುವವರು ಇದಕ್ಕೆ ಕೈಹಾಕಬೇಡಿ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ ನಿಜ, ಆದರೆ ತೋಟೆ ತಯಾರಿಸೋದು ಬೇರೆ ಮಾತು, ಅದಕ್ಕೆ ಲೈಸೆನ್ಸ್ ಬೇಕು.)

ಆರ್‌ಸಿಬಿಎಸ್ ರಾಕ್ ಚಕ್ಕರ್ ಸಿಂಗಲ್ ಸ್ಟೇಜ್. ಎರಕದ ಕಬ್ಬಿಣದ ಗಟ್ಟಿ ಪ್ರೆಸ್, ಒಂದು ಸಲಕ್ಕೆ ಒಂದೇ ಡೈ (ಕೇಸನ್ನು ಅಳತೆಗೆ ತರುವ, ಗುಂಡು ಕೂರಿಸುವ ಅಚ್ಚು). ಎಲ್ಲ ಕೇಸ್‌ಗಳಿಗೂ ಒಂದು ಕೆಲಸ ಮುಗಿಸಿ, ಡೈ ಬದಲಿಸಿ, ಮುಂದಿನ ಕೆಲಸ. ತುಂಬ ನಿಧಾನ. ಆದರೆ ಪೌಡರ್ (ಮದ್ದು) ಹಾಕಿದ ಮೇಲೆ 50 ಕೇಸ್‌ಗಳೂ ಹಲಗೆಯ ತೂತುಗಳಲ್ಲಿ ಸಾಲಾಗಿ ನಿಂತಿರುತ್ತವೆ. ಟಾರ್ಚ್ ಬೆಳಕು ಹಾಯಿಸಿದರೆ ಯಾವುದರಲ್ಲಿ ಜಾಸ್ತಿ ಬಿದ್ದಿದೆ, ಯಾವುದು ಖಾಲಿ ಅಂತ ಕಣ್ಣಿಗೆ ಹೊಡೆಯುತ್ತದೆ. ಇದು ಸಣ್ಣ ವಿಷಯ ಅಲ್ಲ. .38 ಸ್ಪೆಷಲ್ ಅನ್ನೋ ರಿವಾಲ್ವರ್ ತೋಟೆಯ ಕೇಸ್ ಉದ್ದ. ಬೇಗ ಉರಿಯುವ ಪೌಡರ್ ಅದರಲ್ಲಿ ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಹಾಗೇ ಹಾರಿಸಿದರೆ ಗನ್ನೇ ಒಡೆಯಬಹುದು. ಪೌಡರೇ ಇಲ್ಲದಿದ್ದರೆ ಗುಂಡು ಬ್ಯಾರಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ಕತೆ ಮುಗೀತು.

ಲೀ ಕ್ಲಾಸಿಕ್ ಟರೆಟ್‌ನಲ್ಲಿ ನಾಲ್ಕು ಡೈ ಒಂದೇ ತಟ್ಟೆಯಲ್ಲಿ ಕೂರುತ್ತವೆ. ಹಿಡಿ ಎಳೆದ ಹಾಗೆಲ್ಲ ತಟ್ಟೆ ತಾನೇ ತಿರುಗುತ್ತದೆ, ನಾಲ್ಕು ಎಳೆತಕ್ಕೆ ಒಂದು ತೋಟೆ ರೆಡಿ. ಕೇಸ್ ಇದ್ದಲ್ಲೇ ಇರುವುದರಿಂದ ಗುಂಡು ಕೂರಿಸುವ ಮುಂಚೆ ಒಳಗೆ ಇಣುಕಬಹುದು. ನಾನಂತೂ ಇಣುಕದೆ ಮುಂದೆ ಹೋಗುವುದಿಲ್ಲ. ಕೇಸಿನ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಹಳೇ ಪ್ರೈಮರ್‌ಗಳು ಕೇಸನ್ನು ಮೇಲೆತ್ತುವ ಟೊಳ್ಳು ರ‍್ಯಾಮ್ ಒಳಗಿಂದ ಪೈಪಿನಲ್ಲಿ ನೇರ ಡಬ್ಬಕ್ಕೆ ಇಳಿಯುತ್ತವೆ, ಕಸ ಗುಡಿಸುವ ಕೆಲಸ ಇಲ್ಲ. ತಟ್ಟೆ ತಿರುಗಿಸುವ ಸರಳನ್ನು ಎತ್ತಿಟ್ಟರೆ ಇದೇ ಸಿಂಗಲ್ ಸ್ಟೇಜ್ ಆಗುತ್ತದೆ. ಹೊಸಬರು ಹಾಗೇ ಶುರು ಮಾಡಲಿ.

ಗೆಳೆಯನ ಡಿಲನ್ 550 ಪ್ರೋಗ್ರೆಸಿವ್. ನಾಲ್ಕು ಕೇಸ್‌ಗಳಿಗೆ ಒಟ್ಟಿಗೇ ಕೆಲಸ, ಒಂದು ಎಳೆತಕ್ಕೆ ಒಂದು ತೋಟೆ. ವೇಗ ನೋಡಿದರೆ ಆಸೆಯಾಗುತ್ತದೆ. ಆದರೆ ಇದರಲ್ಲಿ ಕೇಸ್ ಕೂತ ತಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕು. ಮಾತಾಡ್ತಾ ಮರೆತು ಮತ್ತೆ ಎಳೆದರೆ ಅದೇ ಕೇಸಿಗೆ ಎರಡನೇ ಸಲ ಪೌಡರ್. ಪಂದ್ಯಗಳಿಗೆ ಹೋಗುವವರಿಗೆ ಸರಿ, ಕಲಿಯೋದಕ್ಕೆ ಬೇಡ.

ಉಳಿದ ದುಡ್ಡನ್ನು ಒಳ್ಳೇ ತೂಕದ ಯಂತ್ರಕ್ಕೆ ಹಾಕಿ. ಇಲ್ಲಿ ಲೆಕ್ಕವೆಲ್ಲ ಗ್ರೇನ್‌ನಲ್ಲಿ. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್, ನಮಗೆ ಒಂದು ಗ್ರೇನಿನ ಹತ್ತನೇ ಒಂದು ಭಾಗವೂ ಗೊತ್ತಾಗಬೇಕು. ಡಿಜಿಟಲ್‌ನಲ್ಲಿ ಅಂಕಿ ಬೇಗ ಬರುತ್ತದೆ, ಆದರೆ ಸ್ವಲ್ಪ ಹೊತ್ತು ಬಿಸಿಯಾಗಲು ಬಿಡದಿದ್ದರೆ ಓಡಾಡುತ್ತದೆ. ದಂಡದ ತಕ್ಕಡಿಗೆ ಕರೆಂಟ್ ಬೇಡ, ಆದರೆ ಎಸಿ ಗಾಳಿಗೂ ಅಲ್ಲಾಡುತ್ತದೆ. ನನ್ನ ಓಟು ತಕ್ಕಡಿಗೇ. ಯಾವುದೇ ಇರಲಿ, ಚೆಕ್ ವೇಟ್ (ತೂಕ ಮೊದಲೇ ಗೊತ್ತಿರುವ ಬಟ್ಟು) ಇಟ್ಟು ನೋಡಿ.

ಪಿಸ್ತೂಲು, ರಿವಾಲ್ವರ್ ಆದರೆ ಟರೆಟ್ ತಗೊಳ್ಳಿ, ಜೊತೆಗೆ ಕಾರ್ಬೈಡ್ (ತುಂಬ ಗಟ್ಟಿಯಾದ, ನುಣುಪು ವಸ್ತು) ಡೈ. ಆಗ ಕೇಸಿಗೆ ಲೂಬ್ (ಜಾರಿಕೆಯ ಎಣ್ಣೆ) ಹಚ್ಚೋ ರಗಳೆ ಇಲ್ಲ. .308 ರೈಫಲ್ ಆದರೆ ಸಿಂಗಲ್ ಸ್ಟೇಜ್, ಲೂಬ್ ಮಾತ್ರ ತಪ್ಪಿಸಬೇಡಿ. ಬರೀ 9 ಎಂಎಂ ಹಾರಿಸುವವರು ಮೊದಲು ಅಂಗಡಿ ರೇಟ್ ನೋಡಿ, ಉಳಿತಾಯ ಅಷ್ಟಕ್ಕಷ್ಟೆ. ಮುಂದೆ ಪ್ರೆಸ್ ಬದಲಿಸಿದರೂ ಡೈ ವೇಸ್ಟ್ ಆಗುವುದಿಲ್ಲ, ಈ ಮೂರಕ್ಕೂ 7/8-14 ಅಳತೆಯ ಸ್ಕ್ರೂ ಮರೆ (ಥ್ರೆಡ್) ಇರುವ ಡೈಗಳೇ ಕೂರುತ್ತವೆ.