ಅಟಾರಿ ‘ಆಸ್ಟರಾಯ್ಡ್ಸ್’ ಯಂತ್ರದ ಪವರ್ ಸಪ್ಲೈ ದುರಸ್ತಿ ಕಿಟ್: ಏನಿದೆ, ಏನಿರಬೇಕಿತ್ತು

ಅಟಾರಿ ಕಂಪನಿ 1979ರಲ್ಲಿ ಹೊರತಂದ ‘ಆಸ್ಟರಾಯ್ಡ್ಸ್’ ಆಟದ ಯಂತ್ರವನ್ನು ಇಂದಿಗೂ ನಡೆಸಿಕೊಂಡು ಬರುತ್ತಿರುವವರಿಗೆ ಮೊದಲು ಎದುರಾಗುವ ತೊಂದರೆ ಸಾಮಾನ್ಯವಾಗಿ ಪವರ್ ಸಪ್ಲೈನದ್ದೇ ಆಗಿರುತ್ತದೆ. ಕ್ಯಾಬಿನೆಟ್ಟಿನ ತಳದಲ್ಲಿ ಕೂತಿರುವ, ಹವ್ಯಾಸಿಗಳು ‘ಬ್ರಿಕ್’ ಎಂದು ಕರೆಯುವ ಘಟಕದಲ್ಲಿ ಟ್ರಾನ್ಸ್‌ಫಾರ್ಮರ್, ಎ.ಸಿ. ಕರೆಂಟನ್ನು ಡಿ.ಸಿ. ಮಾಡುವ ಬ್ರಿಡ್ಜ್ ರೆಕ್ಟಿಫೈಯರ್, ಫ್ಯೂಸುಗಳ ಸಾಲು ಮತ್ತು ‘ಬಿಗ್ ಬ್ಲೂ’ ಎಂದೇ ಹೆಸರಾದ ದಪ್ಪನೆಯ ನೀಲಿ ಕೆಪಾಸಿಟರ್ ಇರುತ್ತವೆ. ಟ್ರಾನ್ಸ್‌ಫಾರ್ಮರ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಸದಾಗಿ ಹಾಕಿಕೊಳ್ಳಲೆಂದು ಅಮೆರಿಕದ ಬಿಡಿಭಾಗದ ಅಂಗಡಿಯೊಂದು ಮಾರುವ ಕಿಟ್ಟನ್ನು ತರಿಸಿ ಬಳಸಿದ್ದೇನೆ.

ಕಿಟ್ಟಿನಲ್ಲಿ ಅತ್ಯುತ್ತಮವಾದದ್ದು ಫ್ಯೂಸ್ ಬ್ಲಾಕ್. ನಮ್ಮ ಯಂತ್ರದ ಹಳೆಯ ಬ್ಲಾಕಿನಲ್ಲಿ ಕ್ಲಿಪ್ಪುಗಳು ಕಿಲುಬು ಹಿಡಿದು, ಬಿಗಿ ಕಳೆದುಕೊಂಡು, ಫ್ಯೂಸನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ಸುತ್ತುವ ಸ್ಥಿತಿಯಲ್ಲಿದ್ದವು. ಅಂಥ ಕ್ಲಿಪ್ಪಿನಲ್ಲಿ ಕೇವಲ 0.1 ಓಮ್ ರೋಧ ಸೇರಿಕೊಂಡು ಅದರ ಮೂಲಕ 5 ಆಂಪಿಯರ್ ಹರಿದರೂ ಅರ್ಧ ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಎರಡೂವರೆ ವ್ಯಾಟ್‌ನಷ್ಟು ಶಾಖ ಹುಟ್ಟಿ, ಫ್ಯೂಸಿನ ಲೋಹದ ಟೋಪಿಯೊಳಗಿನ ಬೆಸುಗೆಯನ್ನು ಕ್ರಮೇಣ ಸಡಿಲಗೊಳಿಸುತ್ತದೆ. ಆಗ ಗಾಜಿನೊಳಗಿನ ತಂತಿ ಸರಿಯಾಗಿಯೇ ಕಾಣುತ್ತದೆ, ಆದರೆ ಯಂತ್ರಕ್ಕೆ ಕರೆಂಟ್ ಬರುವುದಿಲ್ಲ. ಆದ್ದರಿಂದ ಕಣ್ಣನ್ನು ನಂಬದೆ, ಫ್ಯೂಸನ್ನು ಹೊರತೆಗೆದು ಮಲ್ಟಿಮೀಟರಿನಿಂದ ಅಳೆಯುವುದೇ ಸರಿ. ಕಿಟ್ಟಿನ ಹೊಸ ಕ್ಲಿಪ್ಪುಗಳು ಫ್ಯೂಸನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತವೆ, ಹಳೆಯ ತಿರುಪು ರಂಧ್ರಗಳಿಗೇ ಸರಿಯಾಗಿ ಕೂರುತ್ತವೆ.

ಕೆಪಾಸಿಟರ್ ಕೂಡ ಒಳ್ಳೆಯ ದರ್ಜೆಯದು. ಹಳೆಯದು ಒಣಗಿದ್ದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬರುವುದು, ಆಟ ತಾನಾಗಿ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುವುದು ಇದರಿಂದ ನಿಲ್ಲುತ್ತದೆ.

ಜೊತೆಗೆ ಬರುವ ಸೂಚನಾ ಪತ್ರದ ಬಗ್ಗೆ ಮಾತ್ರ ನನಗೆ ತೀವ್ರ ಆಕ್ಷೇಪವಿದೆ. ಎಲ್ಲವನ್ನೂ ಬದಲಿಸಿ, ಹೊಸ ಫ್ಯೂಸ್ ಹಾಕಿ, ಸ್ವಿಚ್ ಒತ್ತಿ ಎಂದಷ್ಟೇ ಅದು ಹೇಳುತ್ತದೆ. ಫ್ಯೂಸ್ ಯಾಕೆ ಹೋಯಿತು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಗಾಜು ಒಳಗಿನಿಂದ ಕಪ್ಪಾಗಿ, ಬೆಳ್ಳಿಯಂತೆ ಮೆತ್ತಿಕೊಂಡಿದ್ದರೆ ಎಲ್ಲೋ ನೇರ ಶಾರ್ಟ್ ಆಗಿದೆ ಎಂದು ತಿಳಿಯಬೇಕು. ತಂತಿ ನಡುವೆ ಮೆತ್ತಗೆ ಕರಗಿ ತುಂಡಾಗಿದ್ದರೆ ನಿಧಾನವಾಗಿ ಮಿತಿ ಮೀರಿದ ಕರೆಂಟೋ ವಯಸ್ಸೋ ಕಾರಣವಿರಬಹುದು. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾದ ಮೇಲೆ, ಬ್ರಿಕ್ಕಿನಿಂದ ಹೊರಹೋಗುವ ಎಲ್ಲ ಕನೆಕ್ಟರುಗಳನ್ನು ಬಿಡಿಸಿ ಬ್ರಿಕ್ ಒಂದನ್ನೇ ಚಾಲೂ ಮಾಡಬೇಕು. ಆಗಲೂ ಫ್ಯೂಸ್ ಹೋದರೆ ದೋಷ ಬ್ರಿಕ್ಕಿನೊಳಗೇ ಇದೆ. ಬಹಳ ಸಲ ಅದು ರೆಕ್ಟಿಫೈಯರಿನದ್ದು. ಡಯೋಡ್ ಪರೀಕ್ಷೆಯಲ್ಲಿ ಒಂದು ದಿಕ್ಕಿಗೆ ಅರ್ಧ ವೋಲ್ಟಿನಷ್ಟು ತೋರಿಸಬೇಕಾದಲ್ಲಿ ಎರಡೂ ದಿಕ್ಕಿಗೆ ಸೊನ್ನೆ ಬಂದರೆ ಅದು ಕೆಟ್ಟಿದೆ ಎಂದರ್ಥ. ಫ್ಯೂಸ್ ಉಳಿದರೆ, ಪ್ರತಿ ಸಲವೂ ಪ್ಲಗ್ ಕಿತ್ತು, ಮೊದಲು ಎ.ಆರ್. ಬೋರ್ಡು (ಧ್ವನಿ ಮತ್ತು 5 ವೋಲ್ಟನ್ನು ನೋಡಿಕೊಳ್ಳುವ ಬೋರ್ಡು), ಆಮೇಲೆ ಆಟದ ಬೋರ್ಡು, ಕೊನೆಗೆ ಮಾನಿಟರ್ ಹೀಗೆ ಒಂದೊಂದನ್ನೇ ಸೇರಿಸುತ್ತ ಹೋಗಬೇಕು. ಈ ನಾಲ್ಕು ಸಾಲು ಬರೆಯಲು ಆ ಪತ್ರದಲ್ಲಿ ಧಾರಾಳವಾಗಿ ಜಾಗವಿತ್ತು.

ಕಿಟ್ಟಿನಲ್ಲಿ ಇರಲೇಬೇಕಾಗಿದ್ದು ಇಲ್ಲದಿರುವುದು ಆಟದ ಬೋರ್ಡಿನ ಎಡ್ಜ್ ಕನೆಕ್ಟರ್, ಅಂದರೆ ಬೋರ್ಡಿನ ಅಂಚಿಗೆ ಸಿಕ್ಕಿಸುವ, ತಂತಿಗಳು ಬಂದು ಸೇರುವ ಕನೆಕ್ಟರ್. ಎ.ಆರ್. ಬೋರ್ಡು ಧ್ವನಿವರ್ಧನೆಯ ಜೊತೆಗೆ 5 ವೋಲ್ಟನ್ನು ನಿಯಂತ್ರಿಸುವ ಕೆಲಸವನ್ನೂ ಮಾಡುತ್ತದೆ, ಮತ್ತು ‘ಸೆನ್ಸ್’ ಎಂಬ ಪ್ರತ್ಯೇಕ ತಂತಿಗಳ ಮೂಲಕ ಆಟದ ಬೋರ್ಡಿಗೆ ತಲುಪಿದ ವೋಲ್ಟೇಜನ್ನು ಗಮನಿಸುತ್ತಿರುತ್ತದೆ. ಕನೆಕ್ಟರಿನ ಪಿನ್ನುಗಳು ಸುಟ್ಟು ರೋಧ ಹೆಚ್ಚಾದಾಗ, ಆ ಕೊರತೆ ತುಂಬಲು ಎ.ಆರ್. ಬೋರ್ಡು ತನ್ನ ಕಡೆಯ ವೋಲ್ಟೇಜನ್ನು ಏರಿಸುತ್ತದೆ. ಎ.ಆರ್. ಬೋರ್ಡಿನ ಬಳಿ 5.4 ವೋಲ್ಟ್, ಆಟದ ಬೋರ್ಡಿನ ಮೇಲೆ 5 ವೋಲ್ಟ್ ಕಂಡರೆ ದೋಷ ನಡುವಿನ ಕನೆಕ್ಟರ್ ಮತ್ತು ತಂತಿಗಳಲ್ಲಿದೆ. ಅಲ್ಲಿ ಹೊಸ ಕೆಪಾಸಿಟರಿನಿಂದ ಏನೂ ಪ್ರಯೋಜನವಿಲ್ಲ.

ಬದಲಿ ಫ್ಯೂಸುಗಳಲ್ಲಿ ಯಾವುದು ಸ್ಲೋ-ಬ್ಲೋ, ಯಾವುದು ಬೇಗ ಸುಡುವಂಥದ್ದು ಎಂದು ಪೊಟ್ಟಣದ ಮೇಲೆ ಬರೆದಿಲ್ಲ. ಆಯಾ ಯಂತ್ರದ ಕೈಪಿಡಿಯಲ್ಲಿ ಕೊಟ್ಟಿರುವ ಆಂಪಿಯರನ್ನೂ ಬಗೆಯನ್ನೂ ನೋಡಿಕೊಂಡೇ ಹಾಕಬೇಕು, ಹೆಚ್ಚಿನದನ್ನು ಎಂದೂ ಹಾಕಬಾರದು. ಹಾಗೆಯೇ, ಮಾನಿಟರಿನ ಚಿತ್ರನಳಿಕೆಯಲ್ಲಿ ಯಂತ್ರ ಆರಿಸಿದ ಮೇಲೂ ಪ್ರಾಣಾಪಾಯದ ವೋಲ್ಟೇಜ್ ಉಳಿದಿರಬಹುದಾದ್ದರಿಂದ ಆ ಕಡೆ ಕೈ ಹಾಕುವುದನ್ನು ಬಲ್ಲವರಿಗೇ ಬಿಡಬೇಕು.

ಬೆಸುಗೆ ಹಾಕಲು, ಮಲ್ಟಿಮೀಟರ್ ಹಿಡಿಯಲು ಬರುವವರು ಈ ಕಿಟ್ಟನ್ನು ಧೈರ್ಯವಾಗಿ ಕೊಳ್ಳಬಹುದು. ಎಡ್ಜ್ ಕನೆಕ್ಟರನ್ನೂ ಅದರ ಪಿನ್ನುಗಳನ್ನೂ ಅದೇ ಆರ್ಡರಿನಲ್ಲಿ ಬೇರೆಯಾಗಿ ತರಿಸಿಕೊಳ್ಳಿ.