ಹವಳ ಬಿಳಿಚಿದ ದಿನ ಮಾಡಬಾರದ ಕೆಲಸಗಳು

ಕಲಬುರಗಿಯಲ್ಲಿ ಕಳೆದ ಮೇ ತಿಂಗಳು, ಚೆನ್ನಾಗಿಯೇ ಇದ್ದ ಒಂದು ಮರೈನ್ ಟ್ಯಾಂಕ್ (ಸಮುದ್ರದಂಥ ಉಪ್ಪುನೀರಿನ ಅಕ್ವೇರಿಯಂ) ವಾರದೊಳಗೆ ಖಾಲಿಯಾಯಿತು. ಅದರಲ್ಲಿ 150 ಲೀಟರ್ ನೀರು, ಒಂದು ಟೋಡ್‌ಸ್ಟೂಲ್ ಲೆದರ್, ಜೋವಾಂಥಿಡ್ ಅಂಟಿಕೊಂಡ ಎರಡು ಕಲ್ಲು, ಒಂದಿಷ್ಟು ಮಶ್ರೂಮ್ (ಈ ಮೂರೂ ಸಾಕುವವರ ಮಾತಿನಲ್ಲಿ ಮೆತ್ತನೆ ಹವಳ), ಜೋಡಿ ಕ್ಲೌನ್ ಮೀನು ಇದ್ದವು. ಮೇಲಂತಸ್ತಿನ ಕೋಣೆ, ಕಾದ ಸ್ಲ್ಯಾಬ್, ಮಧ್ಯಾಹ್ನ ಕರೆಂಟ್ ಬೇರೆ ಇಲ್ಲ. ನೀರು 32 ಡಿಗ್ರಿಗೆ ಏರಿ ಹವಳ ಬಿಳಿಚಿಕೊಂಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಬಹುಪಾಲು ಉಳಿಯುತ್ತಿತ್ತು. ಅದನ್ನು ಮುಗಿಸಿದ್ದು ಆಮೇಲೆ ನಡೆದ ಆರೈಕೆ.

ಮೊದಲಿಗೆ ಐಸ್. ತಂದ 8 ಕಿಲೋ ಗಡ್ಡೆಯನ್ನು ಒಡೆದು ನೇರವಾಗಿ ಟ್ಯಾಂಕಿಗೇ ಸುರಿದರು. ಒಂದು ತಾಸಿನೊಳಗೆ 32 ಇದ್ದದ್ದು 26ಕ್ಕೆ ಬಿತ್ತು. ಐಸ್ ಕರಗಿದರೆ ಅದು ಸಿಹಿನೀರೇ ಅಲ್ಲವೇ? ಸಾವಿರಕ್ಕೆ 35 ಇದ್ದ ಉಪ್ಪಿನಂಶವೂ 33ರ ಹತ್ತಿರ ಇಳಿಯಿತು. ಒಂದೇ ಸಲಕ್ಕೆ ಎರಡು ಪೆಟ್ಟು. ಮಾಡಬೇಕಾದದ್ದು ಇಷ್ಟೇ: ಮುಚ್ಚಳ ಬಿಗಿಯಾದ 1 ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ತೊಳೆದು, ಸಂಪಿನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ತೇಲಿಬಿಡುವುದು. 150 ಲೀಟರಿಗೆ ಒಂದು ಬಾಟಲಿ ಸುಮಾರು ಮುಕ್ಕಾಲು ಡಿಗ್ರಿ ಇಳಿಸುತ್ತದೆ. ತಾಸಿಗೆ ಒಂದೇ ಬಾಟಲಿ ಸಾಕು. 27 ಮುಟ್ಟಿದರೆ ಅವತ್ತಿಗೆ ನಿಲ್ಲಿಸಿ.

ಎರಡನೆಯದು ಔಷಧಿ. ಫೋನಿನಲ್ಲಿ ಅಂಗಡಿಯವರು "ಬಿಳಿ ಆಗಿದೆಯಾ? ವೈಟ್ ಸ್ಪಾಟ್ ಇರಬೇಕು, ಈ ಡ್ರಾಪ್ಸ್ ಹಾಕಿ" ಅಂದರು. ವೈಟ್ ಸ್ಪಾಟ್ ಅಂದರೆ ಬಿಳಿ ಚುಕ್ಕೆ ರೋಗ, ಅದು ಬರುವುದು ಮೀನಿಗೆ, ಹವಳಕ್ಕಲ್ಲ. ಆ ನೀಲಿ ಡ್ರಾಪ್ಸಿನಲ್ಲಿದ್ದದ್ದು ತಾಮ್ರ. ಮೀನು ತಡೆದುಕೊಳ್ಳುವ ಪ್ರಮಾಣದ ತಾಮ್ರವೇ ಹವಳ, ಸಿಗಡಿ, ಬಸವನಹುಳಗಳಿಗೆ ವಿಷ. ಕಲ್ಲು ಮತ್ತು ಮರಳು ಅದನ್ನು ಹೀರಿ ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತವೆ. ಲೇಬಲ್ಲಿನಲ್ಲಿ ಕಾಪರ್ ಅಂತ ಕಂಡರೆ ಆ ಬಾಟಲಿ ಹವಳದ ಟ್ಯಾಂಕಿನ ಹತ್ತಿರವೂ ಬರಬಾರದು. ಹಾಕಿಯೇ ಬಿಟ್ಟಿದ್ದರೆ ಹವಳವನ್ನು ಅದೇ ತಾಪಮಾನ, ಅದೇ ಉಪ್ಪಿನಂಶದ ಹೊಸ ನೀರಿಗೆ ಎತ್ತಿ ಇಡಿ. ಹಳೇ ಟ್ಯಾಂಕಿಗೆ ತಾಮ್ರ ಹೀರುವ ರೆಸಿನ್ ಹಾಕಿ, ಟೆಸ್ಟ್ ಕಿಟ್ ಸೊನ್ನೆ ತೋರಿಸುವವರೆಗೆ ಕಾಯಿರಿ.

ಮೂರನೆಯದು ಲೈಟು. ಬಣ್ಣ ಹೋಯಿತೆಂದರೆ ಬೆಳಕು ಸಾಲದು ಅಂತ ಲೆಕ್ಕ ಹಾಕಿ ಫುಲ್ ಮಾಡಿದರು. ತೀರಾ ಉಲ್ಟಾ. ಹವಳದ ಬಣ್ಣದಲ್ಲಿ ಬಹುಪಾಲು ಅದರ ಮೈಯೊಳಗಿನ ಸೂಕ್ಷ್ಮ ಪಾಚಿಯದು. ನೀರು ಕಾದಾಗ ಆ ಪಾಚಿಯ ಬೆಳಕು ಹಿಡಿಯುವ ಕೆಲಸ ಹದಗೆಟ್ಟು ಹಾನಿಕಾರಕ ಆಕ್ಸಿಜನ್ ರೂಪಗಳು ಹುಟ್ಟುತ್ತವೆ, ಹವಳ ಪಾಚಿಯನ್ನು ಹೊರಗೆ ತಳ್ಳುತ್ತದೆ. ಬೆಳಕು ಹೆಚ್ಚಿದಷ್ಟೂ ಈ ಹಾನಿ ಹೆಚ್ಚು. ಲೈಟನ್ನು ಶೇ. 40ಕ್ಕೆ ಇಳಿಸಿ, ದಿನಕ್ಕೆ 6 ತಾಸು ಸಾಕು. ಬಣ್ಣ ಮರಳತೊಡಗಿದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಶೇ. 5ರಂತೆ ಏರಿಸಿ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಬಿಳಿಚಿದ್ದು ಸತ್ತಂತಲ್ಲ. ಟಾರ್ಚ್ ಓರೆಯಾಗಿ ಹಿಡಿದು ನೋಡಿ: ಪಾಲಿಪ್‌ಗಳ (ಹವಳದ ಮೈಮೇಲಿನ ಪುಟ್ಟ ಹೂವಿನಂಥ ಜೀವಿಗಳ) ತುದಿ ಅಲ್ಲಾಡುತ್ತಿದ್ದರೆ, ಮುಟ್ಟುವಷ್ಟು ಹತ್ತಿರ ನೀರು ಚಿಮ್ಮಿಸಿದಾಗ ಒಳಗೆ ಎಳೆದುಕೊಂಡರೆ ಜೀವ ಇದೆ. ಮೈ ಲೋಳೆಯಾಗಿ ಕಳಚಿ ಕೊಳೆತ ವಾಸನೆ ಬಂದರೆ ಮಾತ್ರ ಆ ತುಂಡನ್ನು ತಕ್ಷಣ ತೆಗೆಯಿರಿ. ಲೆದರ್ ಹವಳ ಮೇಣದಂಥ ಪೊರೆ ಬಿಟ್ಟು ನಾಲ್ಕೈದು ದಿನ ಮುದುಡಿ ಕೂತರೆ ಅದು ಅದರ ಮಾಮೂಲಿ. ಅದನ್ನೂ ರೋಗವೆಂದು ಐಯೋಡಿನ್‌ನಲ್ಲಿ ಅದ್ದುವವರಿದ್ದಾರೆ. ಬಿಳಿಚಿದ ಹವಳವನ್ನು ಯಾವ ಔಷಧಿಯಲ್ಲೂ ಅದ್ದಬೇಡಿ.

ನಾಲ್ಕನೆಯದು ನೀರು, ನಮ್ಮ ಭಾಗದವರು ಹೆಚ್ಚು ಎಡವುವುದು ಇಲ್ಲೇ. ಆ ಟ್ಯಾಂಕಿನ ಅರ್ಧ ನೀರು ತೆಗೆದು ಬೋರ್ ನೀರಿಗೆ ಉಪ್ಪು ಬೆರೆಸಿ ತುಂಬಿದರು. ಬೋರ್ ನೀರು ಬೇಡ, ಕ್ಲೋರಿನ್ ಹಾಕಿದ ನಲ್ಲಿ ನೀರೂ ಹಾಗೇ ಬೇಡ. ಅಡುಗೆಮನೆ ಆರ್‌ಓ ಇದೆಯಲ್ಲ ಅನ್ನಬೇಡಿ. ಎಷ್ಟೋ ಮಷೀನಿನಲ್ಲಿ ರುಚಿಗಾಗಿ ಹಸಿ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಜ್‌ಗೆ ಮುಂಚೆ ಪೈಪ್ ತೆಗೆದು, ಉಳಿದ ಲವಣ ಹೀರುವ ಡಿಐ ರೆಸಿನ್ ಮೂಲಕ ಹಾಯಿಸಿ. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಒಂದು ಸಲಕ್ಕೆ ಶೇ. 10ಕ್ಕಿಂತ ಹೆಚ್ಚು ನೀರು ಬದಲಿಸಬೇಡಿ. ಕ್ಷಾರತೆ ದಿನಕ್ಕೆ 1 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ದಾಟಿ ಏರಿಳಿಯಬಾರದು. ಶಹಾಬಾದ್ ಕಲ್ಲಿನ ತುಂಡು ಹಾಕಿದರೆ ಸುಣ್ಣದಂಶ ಸಿಗುತ್ತದೆ ಅನ್ನುವವರೂ ಇದ್ದಾರೆ. ಪಿಎಚ್ 8.2ರ ನೀರಿನಲ್ಲಿ ಅದು ಕರಗುವುದೇ ಇಲ್ಲ.

ಬೇಸಿಗೆಗೆ ಚಿಲ್ಲರ್ ಇಲ್ಲದವರಿಗೆ ನೀರಿನ ಮೇಲೆ ಬೀಸುವ ಫ್ಯಾನೇ ಗತಿ. ನಮ್ಮ ಒಣ ಹವೆಯಲ್ಲಿ ಅದು ಎರಡು-ಮೂರು ಡಿಗ್ರಿ ಇಳಿಸುತ್ತದೆ. ಅದೇ ಕೋಣೆಯಲ್ಲಿ ಕಿಟಕಿ ಮುಚ್ಚಿ ನೀರಿನ ಕೂಲರ್ ಹಾಕಿದರೆ ಹವೆ ತೇವವಾಗಿ ಟ್ಯಾಂಕಿನ ಫ್ಯಾನ್ ಸೋಲುತ್ತದೆ. ಆವಿಯಾದ ನೀರಿನ ಮೇಲೂ ಕಣ್ಣಿರಲಿ: 150 ಲೀಟರಿನಲ್ಲಿ 12 ಲೀಟರ್ ಹೋದರೆ ಉಪ್ಪಿನಂಶ 35ರಿಂದ 38ಕ್ಕೆ ಏರುತ್ತದೆ. ಗಾಜಿಗೆ ಟೇಪ್ ಅಂಟಿಸಿ ಬೆಳಿಗ್ಗೆ ಸಂಜೆ ಗೆರೆವರೆಗೆ ತುಂಬಿ, ಉಪ್ಪು ಹಾಕದ ಆರ್‌ಓ ನೀರಿನಿಂದಲೇ. ಕರೆಂಟ್ ಹೋದಾಗ ನೀರು ಕಲಕುವ ವೇವ್‌ಮೇಕರ್ ಒಂದನ್ನಾದರೂ ಇನ್ವರ್ಟರ್ ಮೇಲೆ ಇಡಿ. ಬಿಸಿ ನೀರಿನಲ್ಲಿ ಆಕ್ಸಿಜನ್ ಮೊದಲೇ ಕಡಿಮೆ.

ಸತ್ತದ್ದಕ್ಕೆ ಬದಲಾಗಿ ಗಟ್ಟಿ (ಕಲ್ಲಿನಂಥ ಅಸ್ಥಿಯ) ಹವಳ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದೂರ ಇರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅವುಗಳ ಹೆಸರಿದೆ.

ಆ ಮನೆಯಲ್ಲಿ ಕೊನೆಗೆ ನಡೆದದ್ದು ಎಲ್ಲಕ್ಕಿಂತ ಅಪಾಯದ ಕೆಲಸ. ಜೋವಾ ಕಲ್ಲು ತೊಳೆಯಲೆಂದು ಸಿಂಕಿನಲ್ಲಿಟ್ಟು ಕುದಿಯುವ ನೀರು ಸುರಿದರು. ಆವಿ ಕುಡಿದವರಿಗೆ ಕೆಮ್ಮು, ಚಳಿಜ್ವರ, ಬಾಯಲ್ಲಿ ಲೋಹದ ರುಚಿ. ಕೆಲವು ಜೋವಾಂಥಿಡ್ ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡು ವಿಷ ಇರುತ್ತದೆ, ಬಿಸಿಗೆ ಅದು ಆವಿಯ ಜೊತೆ ಗಾಳಿಗೆ ಸೇರುತ್ತದೆ. ಈ ಕಲ್ಲನ್ನು ಕುದಿಸಬೇಡಿ, ಒಣಗಿದ ಮೇಲೆ ಬ್ರಶ್‌ನಿಂದ ಉಜ್ಜಬೇಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿ, ನೀರಿನೊಳಗೇ ಬಿಡಿಸಿ. ಮೇಲಿನ ಲಕ್ಷಣ ಕಂಡರೆ ಎಲ್ಲರೂ ಹೊರಗೆ ಬಂದು ಸೀದಾ ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ ಪಾಲಿಟಾಕ್ಸಿನ್ ಎಂಬ ಹೆಸರನ್ನೇ ಹೇಳಿ. ಮೀನಿನ ತೊಟ್ಟಿ ತೊಳೆದೆವು ಅಂದರೆ ಅವರಿಗೆ ಅರ್ಥವಾಗುವುದು ಕಷ್ಟ.