ಮನೆಯ ಪೂಲ್‌ಗೆ ಸ್ಯಾಂಡ್ ಫಿಲ್ಟರ್: ಮೂರು ವರ್ಷದ ಬಳಿಕ ಮರಳಿಗೆ ಪೂರ್ತಿ ಅಂಕ, ವಾಲ್ವ್‌ಗೆ ಅರ್ಧ

20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಅಂದರೆ ಸುಮಾರು 22,500 ಲೀಟರ್. ಬೆಂಗಳೂರಿನ ಹೊರವಲಯ, ಗಡಸು ಬೋರ್‌ವೆಲ್ ನೀರು, ಪಕ್ಕದಲ್ಲೇ ಕೆಂಪು ಮಣ್ಣಿನ ತೋಟ. ಇಂಥ ಪೂಲ್‌ಗೆ 500 ಎಂಎಂ ವ್ಯಾಸದ ಸ್ಯಾಂಡ್ ಫಿಲ್ಟರ್ ಸಾಕಷ್ಟಾಯಿತು. ದಿನಕ್ಕೆ ಆರು ಗಂಟೆ ಪಂಪ್ ಓಡಿದರೆ ಪೂಲಿನಷ್ಟೂ ನೀರು ಒಂದು ಸುತ್ತಿಗಿಂತ ಹೆಚ್ಚೇ ಮರಳಿನೊಳಗೆ ಹಾದು ಬರುತ್ತದೆ.

ಇದರಲ್ಲಿ ನಿಜಕ್ಕೂ ಖುಷಿ ಕೊಡುವುದು ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳಿನ ಕೊಳೆಯನ್ನು ವೇಸ್ಟ್ ಪೈಪಿನಲ್ಲಿ ಹೊರಗೆ ಹಾಕುವುದು. ಪಂಪ್ ನಿಲ್ಲಿಸಿ, ವಾಲ್ವಿನ ಹಿಡಿಕೆ ಒತ್ತಿ ಬ್ಯಾಕ್‌ವಾಶ್‌ಗೆ ತಿರುಗಿಸಿ, ಮತ್ತೆ ಪಂಪ್ ಹಾಕಿ. ವಾಲ್ವಿನ ಬದಿಯ ಗಾಜಿನ ಕಿಂಡಿಯಲ್ಲಿ ಮೊದಲು ಸ್ವಲ್ಪ ತಿಳಿನೀರು, ಆಮೇಲೆ ಒಮ್ಮೆಗೇ ಕೆಮ್ಮಣ್ಣಿನ ರಾಡಿ, ನಂತರ ತೆಳು ಟೀ ಬಣ್ಣ, ಎರಡು ಮೂರು ನಿಮಿಷಕ್ಕೆ ಎಳನೀರಿನಷ್ಟು ತಿಳಿ. ಕೂಡಲೇ ಪಂಪ್ ಆಫ್, ಹಿಡಿಕೆ ರಿನ್ಸ್‌ಗೆ (ಮರಳನ್ನು ಜಾಲಿಸಿ ನೀರನ್ನು ಹೊರಗೇ ಬಿಡುವ ಸ್ಥಾನ), ಮತ್ತೆ ಪಂಪ್ ಹಾಕಿ ಅರ್ಧ ನಿಮಿಷ. ರಿನ್ಸ್ ಬಿಟ್ಟು ನೇರ ಫಿಲ್ಟರ್‌ಗೆ ತಂದರೆ ಉಳಿದ ರಾಡಿ ಹೊಗೆಯ ಹಾಗೆ ಪೂಲಿಗೇ ವಾಪಸ್ಸು ಬರುತ್ತದೆ.

ವಾರ ವಾರ ಬ್ಯಾಕ್‌ವಾಶ್ ಮಾಡಿಸುವುದು ಮಾತ್ರ ತಪ್ಪು ಅಭ್ಯಾಸ. ಮರಳಿನ ಮೇಲೆ ಕೂತ ತೆಳು ಕೊಳೆಯೇ ಸಣ್ಣ ಕಣಗಳನ್ನು ಹಿಡಿಯುವುದು. ತೊಳೆದ ಮರುದಿನ ನೀರು ಕೊಂಚ ಮಂದವಾಗಿ ಕಾಣುವುದು ಅದಕ್ಕೇ. ತೊಳೆದಾಗ ಪ್ರೆಶರ್ ಗೇಜ್ 10 ಪಿಎಸ್‌ಐ ತೋರಿಸಿದರೆ, ಮುಳ್ಳು 18ರಿಂದ 20ಕ್ಕೆ ಬರುವ ತನಕ ಕೈ ಹಾಕಬೇಡಿ. ಒಂದೊಂದು ಸಲಕ್ಕೂ ಸುಮಾರು 400ರಿಂದ 500 ಲೀಟರ್ ನೀರು ಹೊರಗೆ ಹೋಗುತ್ತದೆ, ಟ್ಯಾಂಕರ್ ನೀರು ಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ. 2024ರ ಬೇಸಿಗೆಯಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು.

ನೀರಿನ ಲೆಕ್ಕ ಹಾಕತೊಡಗಿದರೆ ಈ ಫಿಲ್ಟರಿನ ದೊಡ್ಡ ಕೊರತೆ ಕಾಣುತ್ತದೆ: ಹಿಡಿಕೆ ತಿರುಗಿಸಿದಂತೆ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನೊಳಗಿನ ಸ್ಪೈಡರ್ ಗ್ಯಾಸ್ಕೆಟ್. ಚಕ್ರದ ಕಡ್ಡಿಗಳಂತಿರುವ ಈ ರಬ್ಬರ್, ಪಂಪ್ ಓಡುವಾಗ ಯಾರಾದರೂ ಹಿಡಿಕೆ ತಿರುಗಿಸಿದರೆ ಒಂದೇ ಸಲಕ್ಕೆ ತಾನು ಕೂರುವ ತೋಡಿನಿಂದ ಎದ್ದುಬಿಡುತ್ತದೆ. ಎದ್ದದ್ದು ಹೊರಗೆ ಗೊತ್ತೇ ಆಗುವುದಿಲ್ಲ. ಫಿಲ್ಟರ್ ನಡೆಯುತ್ತಲೇ ಇರುತ್ತದೆ, ನೀರು ವೇಸ್ಟ್ ಪೈಪಿನಲ್ಲಿ ಸದ್ದಿಲ್ಲದೆ ಹರಿಯುತ್ತದೆ. ಬಿಸಿಲಿಗೆ ಆವಿಯಾಯಿತು, ಟೈಲ್ ಬಿರುಕಿನಲ್ಲಿ ಸೋರಿತು ಎಂದು ತಿಂಗಳುಗಟ್ಟಲೆ ಹುಡುಕುವವರಿದ್ದಾರೆ. ಪರೀಕ್ಷೆ ಸುಲಭ: ಹಿಡಿಕೆ ಫಿಲ್ಟರ್ ಸ್ಥಾನದಲ್ಲಿದ್ದು ಪಂಪ್ ಓಡುವಾಗ ವೇಸ್ಟ್ ಪೈಪಿನ ಬಾಯಿ ನೋಡಿ. ನೀರು ಜಿನುಗುತ್ತಲೇ ಇದ್ದರೆ ಮೊದಲ ಅನುಮಾನ ಗ್ಯಾಸ್ಕೆಟ್ ಮೇಲೆ.

ಬದಲಿಸುವಾಗ ಪಂಪ್ ಆಫ್ ಮಾಡಿ, ಫಿಲ್ಟರ್ ಪೂಲಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಎರಡೂ ಕಡೆಯ ಬಾಲ್ ವಾಲ್ವ್ ಮುಚ್ಚಿ. ಮುಚ್ಚಳ ಬಿಚ್ಚುವ ಮುನ್ನ ಅದಕ್ಕೂ ಬಾಡಿಗೂ ಸೇರಿಸಿ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ತಿರುಗಿಸಿ ಕೂರಿಸಿದರೆ ಹಿಡಿಕೆ ತೋರಿಸುವುದು ಒಂದು, ಒಳಗೆ ನಡೆಯುವುದು ಇನ್ನೊಂದು ಆಗುತ್ತದೆ. ತೋಡಿನಲ್ಲಿ ಅಂಟಿದ ಹಳೆ ಗೋಂದು, ಒಂದು ಮರಳುಕಣ ಕೂಡ ಉಳಿಯಬಾರದು. ಓ-ರಿಂಗ್‌ಗೆ (ಸೋರದಂತೆ ತಡೆಯುವ ರಬ್ಬರ್ ಬಳೆ) ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ. ವ್ಯಾಸಲಿನ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಮರಳಿನ ಬಗ್ಗೆ ದೂರಿಲ್ಲ. ಆದರೆ ಗಡಸು ನೀರಿನಲ್ಲಿ ಪಿಎಚ್ 7.8 ದಾಟಲು ಬಿಟ್ಟರೆ ಸುಣ್ಣ ಕಟ್ಟಿ ಮರಳು ಗಟ್ಟಿ ಹೆಂಟೆಯಾಗುತ್ತದೆ, ನೀರು ಬಿರುಕಿನಲ್ಲಿ ದಾರಿ ಮಾಡಿಕೊಂಡು ಶೋಧವಾಗದೆ ದಾಟುತ್ತದೆ. 7.2ರಿಂದ 7.6ರೊಳಗೆ ಇಟ್ಟುಕೊಳ್ಳಿ.

ತೋಟ ಇರುವವರು ಕಣ್ಣು ಮುಚ್ಚಿ ಸ್ಯಾಂಡ್ ಫಿಲ್ಟರ್ ತೆಗೆದುಕೊಳ್ಳಬಹುದು: ಬ್ಯಾಕ್‌ವಾಶ್ ನೀರನ್ನು ತೆರೆದ ತೊಟ್ಟಿಯಲ್ಲಿ ಎರಡು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಇಳಿಯುತ್ತದೆ, ತೆಂಗಿನ ಬುಡಕ್ಕೆ ಹರಿಸಿದರಾಯಿತು. ತಾರಸಿಯ ಮೇಲಿನ ಚಿಕ್ಕ ಪೂಲ್‌ನವರಿಗೆ, ತೊಟ್ಟಿಗೆ ಜಾಗ ಇಲ್ಲದವರಿಗೆ ಕಾರ್ಟ್ರಿಜ್ ಫಿಲ್ಟರ್ (ಮರಳಿನ ಬದಲು ಮಡಿಕೆ ಬಟ್ಟೆಯಲ್ಲಿ ನೀರು ಶೋಧಿಸುವಂಥದ್ದು) ಮೇಲು. ಅದನ್ನು ತೊಳೆಯಲು ಪೈಪ್ ಹಿಡಿದು ನಿಲ್ಲಬೇಕು, ಆದರೆ ಕೆಲವು ಬಕೆಟ್ ನೀರಿನಲ್ಲಿ ಮುಗಿಯುತ್ತದೆ. ಸ್ಯಾಂಡ್ ಫಿಲ್ಟರ್ ಕೊಳ್ಳುವವರು ವಾಲ್ವಿನ ಮಾಡೆಲ್ ನಂಬರ್ ಬರೆದಿಟ್ಟು, ಅದೇ ದಿನ ಒಂದು ಹೆಚ್ಚುವರಿ ಗ್ಯಾಸ್ಕೆಟ್ ಕೇಳಿ ಪಡೆಯಿರಿ. ಒಂದು ಮಾಡೆಲ್ಲಿನದು ಇನ್ನೊಂದಕ್ಕೆ ಕೂರುವುದಿಲ್ಲ.